ಸತ್ಯಭಾಮೆಯ ಸಿಟ್ಟಿಗೆ ದನಿಯಾದ ಕೌಜಲಗಿ ನಿಂಗಮ್ಮ

ಜಗಳ ಶುರುವಾಗುವುದು ಒಂದು ಹೂವಿನಿಂದ. ನಾರದ ದೇವಲೋಕದ ಪಾರಿಜಾತವನ್ನು ತಂದು ಕೃಷ್ಣನ ಕೈಗಿಡುತ್ತಾನೆ. ಕೃಷ್ಣ ಅದನ್ನು ಪಕ್ಕದಲ್ಲಿದ್ದ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಇಷ್ಟೇ ಕತೆ. ಇಷ್ಟೇ ಕತೆಯನ್ನು ಹಿಡಿದುಕೊಂಡು, ರಾತ್ರಿ ಉಂಡು ಬಂದು ಕೂತ ಮಂದಿಯನ್ನು ಕೋಳಿ ಕೂಗುವ ತನಕ ಅಲುಗದಂತೆ ಕೂರಿಸುವ ಆಟವೊಂದು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿದೆ. ಪುಸ್ತಕಗಳಲ್ಲಿ ಅದರ ಹೆಸರು ಶ್ರೀಕೃಷ್ಣ ಪಾರಿಜಾತ. ಊರವರ ಬಾಯಲ್ಲಿ ಬರೀ ಪಾರಿಜಾತ.

ಆಟದ ಭಾರವೆಲ್ಲ ಬೀಳುವುದು ಸತ್ಯಭಾಮೆಯ ಮೇಲೆ. ಕೃಷ್ಣ ಬಂದು ಹೋಗುತ್ತಾನೆ, ರುಕ್ಮಿಣಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುತ್ತಾಳೆ, ನಾರದನದು ಬೆಂಕಿ ಹಚ್ಚುವ ಕೆಲಸ. ಉರಿಯುವವಳು ಸತ್ಯಭಾಮೆ. ಅವಳು ಹಾಡಬೇಕು, ಅಳಬೇಕು, ರೇಗಬೇಕು, ನಗಿಸಬೇಕು, ಭಾಗವತನ ಕುಹಕಕ್ಕೆ ಅಲ್ಲೇ ಉತ್ತರ ಕೊಡಬೇಕು. ಈ ಪಾತ್ರವನ್ನು ಆಳಿದ ಹೆಣ್ಣುಮಗಳೆಂದು ಉತ್ತರ ಕರ್ನಾಟಕ ಇಂದಿಗೂ ನೆನೆಯುವ ಹೆಸರು ಕೌಜಲಗಿ ನಿಂಗಮ್ಮ. ಪಾರಿಜಾತದ ಚರಿತ್ರೆ ಹೇಳಹೊರಟವರು ಕುಲಗೋಡ ತಮ್ಮಣ್ಣನ ಹೆಸರು ಹೇಳಿ ಉಸಿರು ತೆಗೆದುಕೊಂಡರೆ, ಮುಂದಿನ ಉಸಿರಿನಲ್ಲಿ ಬರುವುದು ನಿಂಗಮ್ಮನವರ ಹೆಸರೇ.

ಇಬ್ಬರು ತಮ್ಮಣ್ಣಂದಿರು

ಪಾರಿಜಾತದ ವಂಶಾವಳಿಯಲ್ಲಿ ಇಬ್ಬರು ತಮ್ಮಣ್ಣಂದಿರಿದ್ದಾರೆ. ಕೃತಿಯನ್ನು ಹಾಡುಗಳಲ್ಲಿ ಕಟ್ಟಿದವನು ಅಪರಾಳ ತಮ್ಮಣ್ಣ. ಅದನ್ನು ಊರ ಮಂದಿಯ ಎದುರು ಆಟವಾಗಿ ನಿಲ್ಲಿಸಿ, ತಿದ್ದಿ, ತೀಡಿ, ಕುಣಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡವೂ ಕೌಜಲಗಿಯೂ ನೆರೆಹೊರೆಯ ಊರುಗಳು. ಎರೆಹೊಲ, ಜೋಳ, ಗೋವಿನಜೋಳ, ಈಚೆಗೆ ಎಲ್ಲಿ ನೋಡಿದರೂ ಕಬ್ಬು. ಜನಪದ ಗೀತೆಗಳನ್ನು ಪ್ರೀತಿಯಿಂದ ಸಂಗ್ರಹಿಸಿದ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರ (1900–1982) ಬೆಟಗೇರಿಯೂ ಇದೇ ಗೋಕಾಕ ಸೀಮೆಯದು. ಕಾದಂಬರಿಕಾರ ಬಸವರಾಜ ಕಟ್ಟೀಮನಿ ಹುಟ್ಟಿದ ಮಲಾಮರಡಿಯೂ ಇಲ್ಲಿಯದೇ. ಪಕ್ಕದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಚಂದ್ರಶೇಖರ ಕಂಬಾರರು ಹುಟ್ಟಿದರು. ಹಾಡು ಮತ್ತು ಮಾತು ಎರಡೂ ಬೆಳೆಯುವ ಮಣ್ಣು ಇದು. ನಿಂಗಮ್ಮನವರು ಮೂಡಿದ್ದು ಅದರಲ್ಲೇ.

ಈ ಸೀಮೆಗೆ ಇನ್ನೊಂದು ನಂಟೂ ಇದೆ. ವಾಯವ್ಯಕ್ಕೆ ಸ್ವಲ್ಪ ದೂರ ಹೋದರೆ ಸಾಂಗಲಿ, ಮಿರಜ, ಕೊಲ್ಲಾಪುರ. ಆ ಕಡೆಯ ರಂಗಭೂಮಿಗೂ ಈ ಕಡೆಯ ಆಟಕ್ಕೂ ಕೊಡುಕೊಳ್ಳುವ ವ್ಯವಹಾರ ಹಳೆಯದು. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದನ್ನು ಮರಾಠಿ ರಂಗಭೂಮಿಯ ಮೊದಲ ಹೆಜ್ಜೆ ಎನ್ನುತ್ತಾರೆ. ಅದಕ್ಕೆ ಪ್ರೇರಣೆಯಾದದ್ದು ಸಾಂಗಲಿಯ ದರಬಾರಿಗೆ ಬಂದಿದ್ದ ಕನ್ನಡ ಭಾಗವತರ ಆಟ. 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಇಲ್ಲಿಂದ ಹೋದ ಹಾಡು ಅಲ್ಲಿ ನಾಟ್ಯಸಂಗೀತವಾಗಿ ಮೆರೆದು, ಹಾರ್ಮೋನಿಯಂ ತಬಲಾದ ಜೊತೆ ಮತ್ತೆ ಇಲ್ಲಿಯ ಆಟದ ಅಟ್ಟ ಹತ್ತಿತು. ಪಾರಿಜಾತದ ಪದಗಳಲ್ಲಿ ಹಿಂದುಸ್ತಾನಿ ರಾಗಗಳ ನೆರಳು ಕಾಣುವುದು ಈ ಕಾರಣಕ್ಕೆ.

ದೊಡ್ಡಾಟದ ಗಂಡಸರು, ಸಣ್ಣಾಟದ ಹೆಂಗಸರು

ಉತ್ತರ ಕರ್ನಾಟಕದ ಬಯಲಾಟದಲ್ಲಿ ದೊಡ್ಡಾಟ, ಸಣ್ಣಾಟ ಎಂದು ಎರಡು ಕವಲು. ದೊಡ್ಡಾಟದಲ್ಲಿ ರಾಮಾಯಣ, ಮಹಾಭಾರತದ ಕಾಳಗ, ಭಾರೀ ಕಿರೀಟ, ಭುಜಕೀರ್ತಿ, ನೆಲ ನಡುಗಿಸುವ ಕುಣಿತ. ಅದು ಗಂಡಸರ ಆಟ. ಹೆಣ್ಣಿನ ಸೋಗನ್ನೂ ಗಂಡಸೇ ಹಾಕುತ್ತಿದ್ದ. ಸಣ್ಣಾಟದ ದಾರಿ ಬೇರೆ. ಅಲ್ಲಿ ಕುಣಿತಕ್ಕಿಂತ ಹಾಡು ಮುಂದು, ಹಾಡಿಗಿಂತ ಮಾತು ಇನ್ನೂ ಒಂದು ಹೆಜ್ಜೆ ಮುಂದು. ವೇಷ ಮನೆಯ ಮಂದಿಯಂತೆ. ಸತ್ಯಭಾಮೆ ಉಡುವುದು ಈ ಸೀಮೆಯ ಹೆಂಗಸರು ಹಬ್ಬಕ್ಕೆ ಉಡುವಂಥದೇ ಸೀರೆ. ‘ಸಂಗ್ಯಾ ಬಾಳ್ಯಾ’, ‘ರಾಧಾನಾಟ’, ದಾಸರಾಟ, ಪಾರಿಜಾತ ಎಲ್ಲ ಈ ಬಳಗದವು.

ಹೆಣ್ಣು ಅಟ್ಟ ಹತ್ತಿದ್ದು ಸಣ್ಣಾಟದಲ್ಲಿ. ಪಾರಿಜಾತದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಆಡುವ ಪದ್ಧತಿಗೆ ಗಟ್ಟಿ ನೆಲೆ ಸಿಕ್ಕಿದ್ದು ನಿಂಗಮ್ಮನವರಂಥ ಕಲಾವಿದೆಯರಿಂದ. ಇದು ಎಷ್ಟು ದೊಡ್ಡ ಮಾತು ಎಂಬುದು ಅಕ್ಕಪಕ್ಕದ ನಾಡುಗಳ ಕಡೆ ನೋಡಿದರೆ ತಿಳಿಯುತ್ತದೆ. ಆಂಧ್ರದ ಕೂಚಿಪುಡಿಯಲ್ಲಿ ಇದೇ ಸತ್ಯಭಾಮೆಯ ಕತೆಯ ‘ಭಾಮಾಕಲಾಪಂ’ ಇದೆ. ಸಿದ್ಧೇಂದ್ರ ಯೋಗಿಯ ಹೆಸರಿನಲ್ಲಿ ನಡೆದುಬಂದ ಆ ಪರಂಪರೆಯಲ್ಲಿ ಜಡೆ ಇಳಿಬಿಟ್ಟು ಬರುತ್ತಿದ್ದ ಭಾಮೆ ತಲೆಮಾರುಗಳ ಕಾಲ ಗಂಡಸೇ. 20ನೆಯ ಶತಮಾನದಲ್ಲಿ ಆ ಪಾತ್ರಕ್ಕೆ ಹೆಸರಾದವರು ವೇದಾಂತಂ ಸತ್ಯನಾರಾಯಣ ಶರ್ಮ. ಮರಾಠಿಯಲ್ಲಂತೂ ಬಾಲಗಂಧರ್ವರು (1888–1967) ಸೀರೆ ಉಟ್ಟು ನಿಂತರೆ ಶ್ರೀಮಂತರ ಮನೆಯ ಹೆಂಗಸರು ಅವರ ಸೀರೆಯ ನೆರಿಗೆ, ತಲೆಯ ಹೂವನ್ನು ನೋಡಿ ಕಲಿಯುತ್ತಿದ್ದರು. ಹೆಣ್ಣು ಹೇಗಿರಬೇಕೆಂದು ಗಂಡಸು ಆಡಿ ತೋರಿಸುತ್ತಿದ್ದ ಅದೇ ಹೊತ್ತಿನಲ್ಲಿ, ಕೆಲವೇ ಹರಿದಾರಿ ಆಚೆ ಗೋಕಾಕ ಸೀಮೆಯ ಹಳ್ಳಿಗಳಲ್ಲಿ ಹೆಣ್ಣೊಬ್ಬಳು ಹೆಣ್ಣಿನ ಸಿಟ್ಟನ್ನು ತನ್ನದೇ ಗಂಟಲಿನಲ್ಲಿ ಹಾಡುತ್ತಿದ್ದಳು.

ಸತ್ಯಭಾಮೆಯಾಗಲು ಏನೇನು ಬೇಕು

ಮೊದಲು ಗಂಟಲು. ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1887ರಲ್ಲೇ ತಿರುಗತೊಡಗಿತ್ತು ನಿಜ. ಆದರೆ ಸುತ್ತಲಿನ ಹಳ್ಳಿಗಳಿಗೆ ಕರೆಂಟು ಬಂದದ್ದು ಬಹಳ ತಡವಾಗಿ. ಹುಕ್ಕೇರಿಯಲ್ಲಿ ಜನರೇ ಕೂಡಿ ನಡೆಸುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಅದಕ್ಕೂ ಮೊದಲಿನ ಆಟಗಳಿಗೆ ಬೆಳಕೆಂದರೆ ದೀವಟಿಗೆ, ಆಮೇಲೆ ಗ್ಯಾಸಬತ್ತಿ. ಮೈಕು ದೂರದ ಮಾತು. ಜಾತ್ರೆಯ ಗದ್ದಲ, ಎತ್ತಿನ ಕೊರಳ ಗಂಟೆ, ಅಳುವ ಕೂಸು, ಇವೆಲ್ಲವನ್ನೂ ದಾಟಿ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಪದ ಕೇಳಬೇಕು. ಅದಕ್ಕೇ ಪಾರಿಜಾತದ ಶ್ರುತಿ ಎತ್ತರದ್ದು. ಸತ್ಯಭಾಮೆ ಎತ್ತಿಕೊಟ್ಟ ಸಾಲನ್ನು ಹಿಮ್ಮೇಳದವರು ಬೆನ್ನ ಹಿಂದೆ ನಿಂತು ಇನ್ನೂ ಮೇಲಕ್ಕೆ ಒಯ್ಯುತ್ತಾರೆ. ಅವರ ದನಿ ಇಳಿಯುವಷ್ಟರಲ್ಲಿ ಆಕೆ ಮುಂದಿನ ಸಾಲಿಗೆ ಸಿದ್ಧಳಿರಬೇಕು. ಹೀಗೆ ಇಡೀ ರಾತ್ರಿ. ನಸುಕಿನ ಹೊತ್ತಿಗೂ ದನಿ ಒಡೆಯಬಾರದು.

ಎರಡನೆಯದು ಬಾಯಿ. ಪಾರಿಜಾತದ ಪದಗಳು ಮೊದಲೇ ಕಟ್ಟಿದವು. ಮಾತು ಮಾತ್ರ ಆಯಾ ರಾತ್ರಿ ಹುಟ್ಟುವಂಥದು. ಪಾತ್ರ ಪರದೆ ಸರಿಸಿ ಬಂದೊಡನೆ ಭಾಗವತ ವಿಚಾರಿಸತೊಡಗುತ್ತಾನೆ: ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು? ಭಾಗವತ ಕತೆ ಹೇಳುವವನು, ತಾಳ ಹಿಡಿದವನು, ನಗೆಗಾರ. ಬೇಕಾದಾಗ ಅವನೇ ಸತ್ಯಭಾಮೆಯ ಸಖಿಯಾಗಿಯೂ ನಿಲ್ಲುತ್ತಾನೆ. ಮೀಸೆ ಹೊತ್ತ ಸಖಿಯನ್ನು ಕಂಡೇ ಮಂದಿ ಅರ್ಧ ನಕ್ಕಿರುತ್ತಾರೆ. ಈ ಜೋಡಿಯ ಮಾತಿನ ಧಾಟಿ ಹೀಗೆ ಸಾಗುತ್ತದೆ:

“ಯಾಕವಾ ತಾಯಿ, ಮಾರಿ ಹಿಂಗ್ಯಾಕ ಬಾಡೇತಿ? ಉಂಡೀಯೋ ಇಲ್ಲೋ?”

“ಉಣ್ಣೂ ಹೊತ್ತಿನ್ಯಾಗ ಸವತಿ ತಲಿಮ್ಯಾಗ ಹೂವಾ ಕಂಡರ ತುತ್ತು ಇಳೀತೈತೇನೋ ಭಾಗವತಾ?”

“ಒಂದ ಹೂವಿಗೆ ಇಷ್ಟ್ಯಾಕ? ನಮ್ಮ ಗೌಡರ ತ್ವಾಟದಾಗ ಗಾಡಿಗಟ್ಟಲೆ ಹೂವಾ ಬೆಳೀತಾವ, ತರಸೂಣೇನು?”

“ಹೂವಾ ಗೌಡರ ತ್ವಾಟದಾಗ ಸಿಗತೈತಿ. ಮಾನ ಯಾವ ಸಂತ್ಯಾಗ ಸಿಗತೈತಿ, ಅದನ್ನ ಮೊದಲ ಹೇಳು.”

ಇಂಥ ಮಾತಿನಲ್ಲಿ ಊರ ಗೌಡ ಬರುತ್ತಾನೆ, ಆ ವರ್ಷದ ಮಳೆ ಬರುತ್ತದೆ, ಸಂತೆಯ ದರ ಬರುತ್ತದೆ. ದ್ವಾರಕೆ ಮೆಲ್ಲಗೆ ಕುಲಗೋಡವಾಗುತ್ತದೆ, ಕೌಜಲಗಿಯಾಗುತ್ತದೆ. ಭಾಗವತ ಯಾವ ಕಡೆಯಿಂದ ಕಾಲೆಳೆಯುತ್ತಾನೆಂದು ಯಾರಿಗೂ ಗೊತ್ತಿರುವುದಿಲ್ಲ. ಉತ್ತರ ತಡವಾದರೆ ಆಟ ಕೆಡುತ್ತದೆ, ಒರಟಾದರೆ ರಸ ಕೆಡುತ್ತದೆ. ರಾಣಿಯ ಗತ್ತೂ ಉಳಿಯಬೇಕು, ಮಂದಿಯೂ ನಗಬೇಕು.

ಕದ ಹಾಕಿಕೊಂಡ ಸತ್ಯಭಾಮೆಯ ಸನ್ನಿವೇಶದಲ್ಲಿ ಈ ಬಾಯಿಯ ಬಲ ಪೂರ್ತಿ ಕಾಣುತ್ತದೆ. ಹೊರಗೆ ಕೃಷ್ಣ, ಒಳಗೆ ಭಾಮೆ, ನಡುವೆ ಬಾಗಿಲು. ಅಟ್ಟದ ಮೇಲೆ ಬಾಗಿಲೇನೂ ಇರುವುದಿಲ್ಲ. ಇಬ್ಬರೂ ಮುಖ ತಿರುಗಿಸಿ ನಿಂತರೆ ಅದೇ ಬಾಗಿಲು. ಹಳೆಯ ಸಂಸ್ಕೃತ ಚಾಟುಗಳಲ್ಲೇ ಈ ಜಗಳ ಇದೆ: ಅವನು ಮಾಧವ ಎಂದರೆ ಅವಳು ವಸಂತನೋ ಎನ್ನುತ್ತಾಳೆ, ಚಕ್ರಿ ಎಂದರೆ ಕುಂಬಾರನೋ ಎನ್ನುತ್ತಾಳೆ, ಹರಿ ಎಂದರೆ ಮಂಗನೋ ಎನ್ನುತ್ತಾಳೆ. ಭಕ್ತರು ಜಪಿಸುವ ಹೆಸರುಗಳನ್ನೆಲ್ಲ ಹೆಂಡತಿಯೊಬ್ಬಳು ಬಾಗಿಲ ಸಂದಿಯಿಂದ ಹೀಗೆ ಒಂದೊಂದಾಗಿ ಇಳಿಸಿಬಿಡಬಲ್ಲಳು. ದೇವರು ಹೊರಗೆ ನಿಂತು ಕಾಯುತ್ತಾನೆ. ಎದುರಿಗೆ ಕೂತ ಹೆಂಗಸರಿಗೆ ಇದಕ್ಕಿಂತ ರುಚಿಯಾದ ನೋಟ ಇನ್ನೊಂದಿಲ್ಲ. ಗಂಡಸರಿಗೂ ನಗದೆ ಬೇರೆ ದಾರಿಯಿಲ್ಲ.

ಮೂರನೆಯದು ಎದೆಗಾರಿಕೆ. ಆಟದ ನಡುವೆ ಆಯೇರಿ ಬರುತ್ತದೆ. ಯಾರೋ ನೋಟು ಹಿಡಿದು ಅಟ್ಟದ ಹತ್ತಿರ ಬರುತ್ತಾರೆ, ಭಾಗವತ ಅವರ ಹೆಸರು ಕೂಗಿ ಹೊಗಳುತ್ತಾನೆ, ಆಟ ಅಷ್ಟು ಹೊತ್ತು ನಿಲ್ಲುತ್ತದೆ. ಮೆಚ್ಚಿ ಕೊಡುವವರಿರುತ್ತಾರೆ, ಕುಡಿದು ಬಂದವರೂ ಇರುತ್ತಾರೆ. ಹಣವನ್ನು ಹಗುರವಾಗಿ ಇಸಿದುಕೊಂಡು, ಕೊಟ್ಟವನನ್ನು ಅಷ್ಟೇ ದೂರದಲ್ಲಿ ನಿಲ್ಲಿಸಿ, ಕೆಟ್ಟ ಮಾತು ಬಂದರೆ ಅದನ್ನೇ ಸತ್ಯಭಾಮೆಯ ಬಾಯಿಂದ ತಿರುಗಿಸಿ, ಬಿಟ್ಟ ಪದವನ್ನು ಬಿಟ್ಟ ಜಾಗದಿಂದಲೇ ಮತ್ತೆ ಎತ್ತಿಕೊಳ್ಳಬೇಕು. ಇದನ್ನು ಯಾವ ತಾಲೀಮಿನಲ್ಲೂ ಕಲಿಸಲಾಗದು. ಕಳೆದ ಶತಮಾನದ ಮೊದಲ ಭಾಗದಲ್ಲಿ ಹೆಂಗಸೊಬ್ಬಳು ಮೇಳ ಕಟ್ಟಿಕೊಂಡು, ಸಂಚಗಾರ ಪಡೆದು, ಚಕ್ಕಡಿ ಹೂಡಿ, ಊರೂರಿನ ಜಾತ್ರೆಗೆ ಹೋಗಿ ಆಡಿ ಬರುವುದೆಂದರೆ ಗಂಟಲಿನಷ್ಟೇ ಗುಂಡಿಗೆಯೂ ಬೇಕಿತ್ತು. ನಿಂಗಮ್ಮನವರ ಹೆಸರು ಇಂದಿಗೂ ನಿಂತಿರುವುದು ಈ ಮೂರೂ ಅವರಲ್ಲಿ ಒಟ್ಟಿಗೆ ಇದ್ದುದರಿಂದ.

ಮುಂಬಯಿಗೆ ಹೋದವರು, ಸೀಮೆಯಲ್ಲೇ ಹಾಡಿದವರು

ಅದೇ ಕಾಲಕ್ಕೆ ಇದೇ ಉತ್ತರ ಕರ್ನಾಟಕದಿಂದ ಹಾಡುವ ಹೆಣ್ಣುಮಕ್ಕಳು ಇನ್ನೊಂದು ದಾರಿಯನ್ನೂ ಹಿಡಿದರು. ಬೀಳಗಿಯ ಸೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಮುಂಬಯಿ ಸೇರಿದರು. 1930ರ ದಶಕದಲ್ಲಿ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಗೆ ಹೋಗಿ, ಅವರ ಎದುರಿಗೇ ನಾಯಕಿಯಾಗಿ ಹಾಡಿದರು. ಅಮೀರಬಾಯಿ ಸಿನಿಮಾದಲ್ಲಿ ನಟಿಸಿದರು, ಹಾಡಿದರು. ‘ಕಿಸ್ಮತ್’ (1943), ‘ರತನ್’ (1944) ಚಿತ್ರಗಳ ಹಾಡುಗಳಿಂದ ಅವರ ದನಿ ಹಿಂದುಸ್ತಾನದ ಮನೆಮನೆಗೆ ಹೋಯಿತು. ಅವರು ತೀರಿಕೊಂಡದ್ದು 1965ರಲ್ಲಿ. ಇಂದಿಗೂ ಫೋನಿನಲ್ಲಿ ಹೆಸರು ಒತ್ತಿದರೆ ಅವರ ದನಿ ಕೇಳುತ್ತದೆ.

ಗ್ರಾಮೋಫೋನ್ ತಟ್ಟೆಗೆ ಮೂರೂವರೆ ನಿಮಿಷ ಸಾಕು. ಪಾರಿಜಾತ ಆ ಅಳತೆಗೆ ಸಿಗುವ ಕಲೆಯಲ್ಲ. ಪದವನ್ನು ಮಾತಿನಿಂದ ಬಿಡಿಸಿದರೆ ಅರ್ಧ ಹೋಯಿತು, ಮಾತನ್ನು ಮಂದಿಯಿಂದ ಬಿಡಿಸಿದರೆ ಉಳಿದರ್ಧವೂ ಹೋಯಿತು. ಅಮೀರಬಾಯಿ ಲಕ್ಷಾಂತರ ಕಿವಿಗಳಿಗೆ ಹಾಡಿದರು. ನಿಂಗಮ್ಮನವರಂಥವರು ಹಾಡಿದ್ದು ಎದುರಿಗೆ ಕೂತ ಊರಿಗೆ. ಆ ಊರು ಅವರ ದನಿಯನ್ನು ತನ್ನ ಮಾತಿನಲ್ಲಿ, ಗಾದೆಯಲ್ಲಿ, ಮೊಮ್ಮಕ್ಕಳಿಗೆ ಹೇಳುವ ಕತೆಯಲ್ಲಿ ಇಟ್ಟುಕೊಂಡಿತು.

ಈ ಹೆಣ್ಣುಮಕ್ಕಳ ಬದುಕಿನ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಸವದತ್ತಿ ಎಲ್ಲಮ್ಮನ ಈ ನಾಡಿನಲ್ಲಿ ಹಾಡು, ಕುಣಿತ ಕಲಿತ ಅನೇಕ ಹೆಂಗಸರು ಬಂದದ್ದು ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರ ಕುಟುಂಬಗಳಿಂದ. ಮುಂಬಯಿ ಸರಕಾರ 1934ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯ್ದೆ ತಂದಿತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಮರ್ಯಾದಸ್ಥರ ಮನೆಯ ಹೆಣ್ಣು ಅಟ್ಟ ಹತ್ತಬಾರದೆಂದ ಸಮಾಜವೇ ಅಟ್ಟ ಹತ್ತಿದವಳನ್ನು ಮರ್ಯಾದಸ್ಥಳಲ್ಲ ಎಂದಿತು. ರಾತ್ರಿ ಎಲ್ಲ ಕೃಷ್ಣನ ಪಟ್ಟದರಾಣಿ, ಬೆಳಗಾದರೆ ಅದೇ ಊರಿನಲ್ಲಿ ಮೂಲೆಯ ಜಾಗ. ‘ನನಗೆ ಸಲ್ಲಬೇಕಾದದ್ದು ಇನ್ನೊಬ್ಬಳಿಗೆ ಏಕೆ ಸಂದಿತು’ ಎಂದು ಸತ್ಯಭಾಮೆ ಕೇಳುವಾಗ, ಹಾಡುವವಳ ದನಿಯಲ್ಲಿ ಪುರಾಣದ್ದಲ್ಲದ ಸಿಟ್ಟೂ ಬೆರೆಯುತ್ತಿದ್ದರೆ ಆಶ್ಚರ್ಯವಿಲ್ಲ. ಪಾರಿಜಾತದ ಭಾಮೆ ಬರೀ ಹೊಟ್ಟೆಕಿಚ್ಚಿನ ಹೆಂಗಸಾಗದೆ ನ್ಯಾಯ ಕೇಳುವ ಹೆಂಗಸಾಗಿ ಬೆಳೆದದ್ದರ ಗುಟ್ಟು ಇಲ್ಲಿದೆ.

ಸ್ಕಾಟ್ಲೆಂಡಿನಲ್ಲೊಂದು ಹೋಲಿಕೆ

ಹಾಡುಗಾರ್ತಿಯೇ ನಟಿ, ನಟಿಯೇ ಊರಿನ ಬಾಯಿ ಎನ್ನುವ ಪರಂಪರೆ ನಮ್ಮಲ್ಲಿ ಮಾತ್ರ ಇಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1938ರಲ್ಲಿ ಹುಟ್ಟಿದ ಡೊಲೀನಾ ಮ್ಯಾಕ್‌ಲೆನನ್ ಗೇಲಿಕ್ ಜನಪದ ಹಾಡುಗಳಿಂದ ಹೆಸರಾದವರು. 1973ರಲ್ಲಿ ಜಾನ್ ಮೆಕ್‌ಗ್ರಾತ್ ಅವರ ‘7:84’ ತಂಡ ‘ದಿ ಚೇವಿಯಟ್, ದಿ ಸ್ಟ್ಯಾಗ್ ಅಂಡ್ ದಿ ಬ್ಲ್ಯಾಕ್, ಬ್ಲ್ಯಾಕ್ ಆಯಿಲ್’ ಎಂಬ ನಾಟಕ ಹಿಡಿದು ಮಲೆಸೀಮೆಯ ಹಳ್ಳಿಗಳಿಗೆ ಹೋದಾಗ ಆಕೆ ಅದರಲ್ಲಿದ್ದರು. ಭೂಮಾಲಿಕರು ಕುರಿ ಸಾಕಲು ರೈತರನ್ನು ಒಕ್ಕಲೆಬ್ಬಿಸಿದ ಕತೆ ಅದು. ಹಾಡು, ಹಾಸ್ಯ, ನೇರ ಮಾತು, ಕೊನೆಗೆ ನೋಡಲು ಬಂದ ಮಂದಿಯೇ ಎದ್ದು ಕುಣಿಯುವುದು. ನಮ್ಮ ಸಣ್ಣಾಟದ ಮಂದಿಗೆ ಇದು ಹೊಸದೆನ್ನಿಸದು.

ಅಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಶುರುವಾದ ಸ್ಕಾಟಿಷ್ ಅಧ್ಯಯನ ವಿಭಾಗದವರು ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ಅಲೆಮಾರಿ ಸಮುದಾಯದ ಜೀನೀ ರಾಬರ್ಟ್‌ಸನ್ ಎಂಬ ಹೆಂಗಸನ್ನು ಹ್ಯಾಮಿಷ್ ಹೆಂಡರ್ಸನ್ 1953ರಲ್ಲಿ ಅಬರ್ಡೀನಿನ ಆಕೆಯ ಮನೆಬಾಗಿಲಿಗೆ ಹೋಗಿ ಹಾಡಿಸಿದರು. ಊರಿನವರು ಕೀಳಾಗಿ ಕಂಡ ಸಮುದಾಯದ ಆಕೆಗೆ 1968ರಲ್ಲಿ ಎಂಬಿಇ ಗೌರವ ಸಂದಿತು.

ನಮ್ಮ ಕಡೆ ಆ ಬಗೆಯ ಕಣ್ಣು ತೆರೆಸಿದವರಲ್ಲಿ ಮೊದಲ ಸಾಲಿನವರು ಘೋಡಗೇರಿಯ ಕಂಬಾರರೇ. ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ, ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ ಕುರಿತು ಸಂಶೋಧನೆ ಮಾಡಿ, ಬಯಲಾಟದ ಕಸುವನ್ನು ‘ಜೋಕುಮಾರಸ್ವಾಮಿ’ಯಂಥ ನಾಟಕಕ್ಕೆ ತಂದರು. 2010ರ ಸಾಲಿನ ಜ್ಞಾನಪೀಠ ಅವರಿಗೆ ಬಂದಾಗ ಈ ಸೀಮೆಯ ಅಟ್ಟಕ್ಕೂ ಅದರಲ್ಲಿ ಪಾಲಿತ್ತು. ಈಗ ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ನಿಂಗಮ್ಮನವರ ನಂತರ ಅಪ್ಪಾಲಾಲ ನದಾಫ, ಯಲ್ಲವ್ವ ರೊಡ್ಡಪ್ಪನವರ ಮುಂತಾದವರು ಪಾರಿಜಾತವನ್ನು ಮುಂದಕ್ಕೆ ಒಯ್ದರು. ಮುಸಲ್ಮಾನ ಕಲಾವಿದರು ಕೃಷ್ಣನ ಕತೆಯನ್ನು ಬಾಯಿಪಾಠ ಮಾಡಿ ಆಡುವುದು, ಅದನ್ನು ಊರಿಗೆ ಊರೇ ಕೂತು ನೋಡುವುದು ಈ ಸೀಮೆಯಲ್ಲಿ ವಿಶೇಷ ಸುದ್ದಿಯಾಗಿರಲೇ ಇಲ್ಲ.

ಅರ್ಧ ತಾಸಿನ ಪಾರಿಜಾತ

ಇವತ್ತು ಪಾರಿಜಾತ ಸತ್ತಿಲ್ಲ, ಕುಗ್ಗಿದೆ. ಸರಕಾರಿ ಉತ್ಸವಗಳಲ್ಲಿ ಅದಕ್ಕೆ ಜಾಗ ಸಿಗುತ್ತದೆ, ಸಮಯ ಸಿಗುವುದಿಲ್ಲ. ಮುಂದಿನ ತಂಡ ಪಕ್ಕದಲ್ಲೇ ಸಿದ್ಧವಾಗಿ ನಿಂತಿರುವಾಗ ಅರ್ಧ ತಾಸಿನಲ್ಲಿ ಹೂವು ಬರಬೇಕು, ಭಾಮೆ ಮುನಿಯಬೇಕು, ಕೃಷ್ಣ ರಮಿಸಬೇಕು. ಹಾಗಾದಾಗ ಮೊದಲು ಕತ್ತರಿ ಬೀಳುವುದು ಮಾತಿಗೆ. ಹಾಲು ಮೊಸರಿನ ಸುಂಕಕ್ಕಾಗಿ ಕೃಷ್ಣನ ಜೊತೆ ಜಗಳ ತೆಗೆಯುವ ಗೊಲ್ಲತಿ ಹೋಗುತ್ತಾಳೆ, ಕಣಿ ಹೇಳುವ ಕೊರವಂಜಿ ಹೋಗುತ್ತಾಳೆ, ಭಾಗವತನ ಕೀಟಲೆ ಹೋಗುತ್ತದೆ. ಉಳಿಯುವುದು ಒಂದೆರಡು ಪದ, ಮಿಂಚುವ ಬಟ್ಟೆ, ಫೋಟೊ. ಹೀಗೆ ಕಲಿತ ಹುಡುಗಿಗೆ ಪದ ಬರುತ್ತದೆ, ಎದುರು ಮಾತು ಬರುವುದಿಲ್ಲ. ಭಾಗವತ ಬರೆದುಕೊಟ್ಟದ್ದನ್ನೇ ಕೇಳುತ್ತಾನೆ, ಸತ್ಯಭಾಮೆ ಬರೆದುಕೊಟ್ಟದ್ದನ್ನೇ ಹೇಳುತ್ತಾಳೆ. ಸಿಟ್ಟಿಗೆ ಬೇಕಾದ ಸಮಯವೇ ಇಲ್ಲದ ಮೇಲೆ ರಮಿಸುವುದಕ್ಕೆ ಅರ್ಥವೆಲ್ಲಿಯದು?

ಕೌಜಲಗಿ ನಿಂಗಮ್ಮ ಎಂಬ ಹೆಸರಿಗೆ ಗೌರವ ಸಲ್ಲಿಸಲು ದಾರಿಗಳು ಹಲವಿವೆ. ಕಟ್ಟಡಕ್ಕೆ ಹೆಸರಿಡಬಹುದು, ಪ್ರಶಸ್ತಿ ಕೊಡಬಹುದು, ಮೂರ್ತಿ ನಿಲ್ಲಿಸಬಹುದು. ಅವೆಲ್ಲಕ್ಕಿಂತ ಆಕೆಯ ಕಲೆಗೆ ಹತ್ತಿರವಾದದ್ದು ಬೇರೆಯೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಜಾತ್ರಾ ಸಮಿತಿಗಳು ವರ್ಷಕ್ಕೆ ಒಂದು ರಾತ್ರಿಯಾದರೂ ಪೂರ್ತಿ ಪಾರಿಜಾತ ಆಡಿಸಲಿ. ಮೇಳಕ್ಕೆ ಕೊಡುವ ಹಣವನ್ನು ಆರ್ಕೆಸ್ಟ್ರಾಕ್ಕೆ ಕೊಡುವ ಹಣದ ಪಕ್ಕದಲ್ಲಿಟ್ಟು ನೋಡಿ, ನಾಚಿಕೆಯಾಗದಷ್ಟು ಕೊಡಲಿ. ವಯಸ್ಸಾದ ಭಾಗವತರು, ಹಿಮ್ಮೇಳದವರು ಬಲ್ಲ ಮಾತನ್ನೂ ಧಾಟಿಯನ್ನೂ ಇಡೀ ರಾತ್ರಿಯ ಆಟವಾಗಿಯೇ ಧ್ವನಿಮುದ್ರಿಸಿಕೊಳ್ಳಲಿ, ತುಣುಕುಗಳಾಗಿ ಬೇಡ. ಹಾಡಲು ಬರುವ ಹುಡುಗಿಯರಿಗೆ ಪದದ ಜೊತೆ ಎದುರುತ್ತರವನ್ನೂ ಕಲಿಸಲಿ. ನಿಂಗಮ್ಮನವರು ಬಿಟ್ಟು ಹೋದ ಪಾತ್ರಕ್ಕೆ ಒಡವೆ, ಸೀರೆ, ಕಿರೀಟದ ಕೊರತೆ ಎಂದೂ ಇಲ್ಲ. ಅದಕ್ಕೆ ಬೇಕಾಗಿರುವುದು ಭಾಗವತನಿಗೆ ಬಾಯಿಗೆ ಬಾಯಿ ಕೊಡಬಲ್ಲ ಹೆಣ್ಣು, ಮತ್ತು ಅವಳ ಸಿಟ್ಟು ಇಳಿಯುವ ತನಕ ಕೂತು ಕೇಳಬಲ್ಲ ಊರು.